ಬಿಲ್ಡಿಂಗ್ ಏಳುವ ಮೊದಲೇ ಮುಗಿದ ಸುನಾವಣಿ



ಕಳೆದ ತಿಂಗಳು ಫೋನ್-ಇನ್ ಕಾರ್ಯಕ್ರಮ ಮುಗಿಯಲು ಇನ್ನು ನಾಲ್ಕೇ ನಿಮಿಷ ಇತ್ತು. ಕೊನೆಯ ಹಾಡು ಹಾಕಲು ಸಿದ್ಧನಾಗಿದ್ದೆ. ಅಷ್ಟರಲ್ಲಿ ವಿಠ್ಠಲವಾಡಿಯಿಂದ ಒಬ್ಬ ಅಮ್ಮನ ಕರೆ ಬಂತು. ಹಾಡಿನ ಫರ್ಮಾಯಿಷ್ ಇರಬೇಕು ಅಂದುಕೊಂಡೆ. ಅಲ್ಲ.

"ತಮ್ಮಾ, ನಮ್ಮ ಎದುರಿಗಿನ ಬಯಲಾಗ ಏಳು ಮಜಲಿನ ಬಿಲ್ಡಿಂಗ್ ಏಳ್ತದಂತ. ಸುತ್ತ ಪತ್ರಾ ಹೊಡದಾರ, ಬೋರ್ಡೂ ಹಚ್ಯಾರ. ನಮ್ಮ ಹುಡುಗ್ರು ಅಲ್ಲೇ ಆಡಿ ದೊಡ್ಡವ್ರಾದ್ರು. ಒಂದು ಮಾತು ನಮ್ಮನ್ನ ಕೇಳಬಾರದೇನು? ನಮ್ಮ ಅಳಿಯ ಅಮೆರಿಕಾದಾಗ ಅದಾನ. ಅಲ್ಲಿ ಬಾಜೂದವ ಮನಿ ಏರಿಸಬೇಕಂದ್ರ ಓಣಿಯವರನ್ನೆಲ್ಲ ಕರದು ಕೇಳ್ತಾರಂತ. ನಮ್ಮ ಸುನಾವಣಿ ಯಾವಾಗ?"

ನಾಲ್ಕು ನಿಮಿಷದಲ್ಲಿ ಹೇಳುವ ಉತ್ತರ ಅದಲ್ಲ. ವಿಚಾರಿಸಿ ಹೇಳ್ತೀನಮ್ಮಾ ಎಂದು ಹಾಡು ಹಾಕಿಬಿಟ್ಟೆ. ಆಮೇಲೆ ನಿಜವಾಗಿಯೂ ವಿಚಾರಿಸಿದೆ. ಕನ್ನಡ ಬಿ.ಎ. ಓದಿದವನಿಗೆ ಪಂಪ, ರನ್ನ ದಕ್ಕಿದಷ್ಟು ಸುಲಭವಾಗಿ ಪಾಲಿಕೆಯ ನಕ್ಷೆ ದಕ್ಕುವುದಿಲ್ಲ, ಒಪ್ಪುತ್ತೇನೆ. ಆದರೂ ಕಚೇರಿಗಳಿಗೆ ಅಲೆದು, ತಿಳಿದವರನ್ನು ಕೇಳಿ, ಕಾನೂನಿನ ಪುಸ್ತಕ ತಿರುವಿ ಕಂಡುಕೊಂಡದ್ದನ್ನು ಈ ತಿಂಗಳ ಪತ್ರಿಕೆಯಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ಠಾಣೆಯಿಂದ ಬದ್ಲಾಪುರದವರೆಗೆ ಫ್ಲ್ಯಾಟು ತೆಗೆದುಕೊಂಡವರು, ತೆಗೆದುಕೊಳ್ಳಬೇಕೆಂದು ಸಾಲಕ್ಕೆ ಓಡಾಡುತ್ತಿರುವವರು ನಮ್ಮ ಕೇಳುಗರಲ್ಲಿ ಬಹಳ ಜನ ಇದ್ದೀರಿ. ಇದು ನಿಮ್ಮೆಲ್ಲರ ಪ್ರಶ್ನೆಯೂ ಹೌದು.

ಅಮ್ಮನ ಪ್ರಶ್ನೆಗೆ ನೇರ ಉತ್ತರ ಕಹಿಯಾಗಿದೆ. ಅವರ ಸುನಾವಣಿ ಮುಗಿದುಹೋಗಿದೆ. ಬಹುಶಃ ಅವರು ಆ ಮನೆಗೆ ಬರುವ ಮೊದಲೇ ಮುಗಿದಿದೆ.

ಹೇಗೆಂದು ಕೇಳಿ. ನಮ್ಮಲ್ಲಿ ಒಂದೊಂದು ಬಿಲ್ಡಿಂಗಿಗೆ ಪರವಾನಗಿ ಕೊಡುವ ಮುಂಚೆ ಅಕ್ಕಪಕ್ಕದವರನ್ನು ಕರೆದು ಕೇಳುವ ಪದ್ಧತಿ ಇಲ್ಲ. ಕೇಳುವುದು ನಕ್ಷೆಯ ಬಗ್ಗೆ. ಇಡೀ ಊರಿಗೆ ಒಂದು ವಿಕಾಸ ಆರಾಖಡಾ, ಅಂದರೆ ಅಭಿವೃದ್ಧಿ ನಕ್ಷೆ ತಯಾರಾಗುತ್ತದೆ. ಜನ ಅದನ್ನು ಡಿ.ಪಿ. ಅನ್ನುತ್ತಾರೆ. ಈ ಸರ್ವೆ ನಂಬರು ವಾಸಕ್ಕೆ, ಆ ಸರ್ವೆ ನಂಬರು ಕಾರ್ಖಾನೆಗೆ, ಇಲ್ಲಿ ಶಾಲೆ, ಅಲ್ಲಿ ಆಟದ ಮೈದಾನ ಎಂದು ಅದರಲ್ಲಿ ಬಣ್ಣ ಬಳಿದಿರುತ್ತಾರೆ. ಆ ನಕ್ಷೆಯ ಕರಡು ಹೊರಬಿದ್ದಾಗ ಊರಿನವರು ಆಕ್ಷೇಪಣೆ ಹೇಳಬಹುದು, ಎದುರು ಹೋಗಿ ಮಾತಾಡಬಹುದು. ಅಲ್ಲಿ ಆ ಬಯಲು ವಾಸದ ಜಾಗ ಎಂದು ನಿಶ್ಚಯವಾಯಿತೋ, ಮುಂದೆ ಯಾವತ್ತೋ ಒಂದು ದಿನ ಅಲ್ಲಿ ಬಿಲ್ಡಿಂಗ್ ಕಟ್ಟಲು ಅರ್ಜಿ ಹಾಕಿದವನು ನಿಯಮದೊಳಗೆ ಇದ್ದರೆ ಸಾಕು. ಎದುರು ಮನೆಯವರ ಒಪ್ಪಿಗೆ ಬೇಕಿಲ್ಲ.

ಅಳಿಯನ ಮಾತೂ ಸುಳ್ಳಲ್ಲ, ಆದರೆ ಅರ್ಧ. ಅಮೆರಿಕದಲ್ಲೂ ವಲಯದ ನಿಯಮಕ್ಕೆ ಸರಿಯಾಗಿ ಮನೆ ಕಟ್ಟುವವನನ್ನು ಸಾಮಾನ್ಯವಾಗಿ ಯಾರೂ ಸಭೆಗೆ ಎಳೆಯುವುದಿಲ್ಲ. ನಿಯಮಕ್ಕಿಂತ ಎರಡಡಿ ಮುಂದೆ ಬರಬೇಕು, ಒಂದು ಮಜಲು ಹೆಚ್ಚು ಬೇಕು, ಮನೆಯ ಜಾಗದಲ್ಲಿ ಅಂಗಡಿ ಬೇಕು ಎಂದು ವಿನಾಯಿತಿ ಕೇಳಿದಾಗಲೇ ನೆರೆಯವರಿಗೆ ಕಾಗದ ಹೋಗುವುದು, ಸಭೆ ಕೂಡುವುದು. ಇಂಗ್ಲೆಂಡಿನಲ್ಲಿ ಮಾತ್ರ ಪದ್ಧತಿ ಬೇರೆ. ಅಲ್ಲಿ ಒಂದೊಂದು ಅರ್ಜಿಯ ಸೂಚನೆಯನ್ನೂ ಜಾಗದ ಹತ್ತಿರ ಅಂಟಿಸುತ್ತಾರೆ ಅಥವಾ ನೆರೆಯವರಿಗೆ ಕಾಗದ ಬರೆಯುತ್ತಾರೆ. ಅಭಿಪ್ರಾಯ ಹೇಳಲು 21 ದಿನ ಅವಕಾಶ.

ಇನ್ನೊಂದು ವಿಷಯ ನನಗೆ ಸೋಜಿಗ ಅನ್ನಿಸಿತು. ನ್ಯೂಯಾರ್ಕಿನಲ್ಲಿ 1915ರಲ್ಲಿ ಈಕ್ವಿಟಬಲ್ ಬಿಲ್ಡಿಂಗ್ ಎಂಬ ದೈತ್ಯ ಕಟ್ಟಡ ಎದ್ದು ಅಕ್ಕಪಕ್ಕದ ಬೀದಿಗಳಿಗೆ ಬಿಸಿಲೇ ಇಲ್ಲದಂತಾಯಿತು. ಆ ಗದ್ದಲದ ಬೆನ್ನಿಗೆ 1916ರಲ್ಲಿ ಆ ನಗರದ ವಲಯ ನಿಯಮ ಬಂತು. ನಮ್ಮ ಮುಂಬಯಿ ಪ್ರಾಂತದ ನಗರ ಯೋಜನಾ ಕಾಯಿದೆ 1915ರದು. ಅಂದರೆ ಕಾಗದದ ಮೇಲೆ ನಾವು ಹಿಂದೆ ಬಿದ್ದವರೇನೂ ಅಲ್ಲ.

ಈಗ ನಡೆಯುತ್ತಿರುವುದು ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆ, 1966. ಕಚೇರಿಯಲ್ಲಿ ಎಂ.ಆರ್.ಟಿ.ಪಿ. ಎಂದರೆ ಎಲ್ಲರಿಗೂ ಗೊತ್ತು. ಜೊತೆಗೆ ಎಷ್ಟು ಎತ್ತರ, ಎಷ್ಟು ಅಂತರ, ಎಷ್ಟು ಎಫ್.ಎಸ್.ಐ. ಎಂದು ಹೇಳುವ ಏಕೀಕೃತ ನಿಯಮಾವಳಿ 2020ರ ಡಿಸೆಂಬರಿನಲ್ಲಿ ಬಂತು. ಮುಂಬಯಿ ಮತ್ತು ಕೆಲವು ಪ್ರದೇಶ ಬಿಟ್ಟು ಉಳಿದ ರಾಜ್ಯಕ್ಕೆಲ್ಲ, ನಮ್ಮ ಕಲ್ಯಾಣ-ಉಲ್ಲಾಸನಗರಕ್ಕೂ, ಅದೇ ಅಳತೆಗೋಲು.

ಕಾನೂನಿಗೆ ಇಳಿಯುವ ಮುಂಚೆ ವಿಠ್ಠಲವಾಡಿಯ ಬಗ್ಗೆ ಒಂದು ಮಾತು. ಕಲ್ಯಾಣ ದಾಟಿ ಕರ್ಜತ್ ದಾರಿ ಹಿಡಿದರೆ ಮೊದಲ ಸ್ಟೇಷನ್ನೇ ಇದು, ಮುಂದಿನದು ಉಲ್ಲಾಸನಗರ. ಇಲ್ಲಿ ಎರಡು ಮಹಾನಗರ ಪಾಲಿಕೆಗಳ ಗಡಿ ಕೂಡುತ್ತದೆ. ಒಂದು ಓಣಿ ಕಲ್ಯಾಣ-ಡೊಂಬಿವಲಿಗೆ, ನಾಲ್ಕು ಹೆಜ್ಜೆ ಆಚೆಯ ಓಣಿ ಉಲ್ಲಾಸನಗರಕ್ಕೆ ಸೇರಿರಬಹುದು. ಎರಡಕ್ಕೂ ಬೇರೆ ಬೇರೆ ನಕ್ಷೆ, ಬೇರೆ ಬೇರೆ ನಗರ ರಚನಾ ವಿಭಾಗ. ಆದ್ದರಿಂದ ಆ ಅಮ್ಮನಿಗೆ ನಾನು ಮೊದಲು ಕೇಳಿದ್ದು, "ನಿಮ್ಮ ಮನೆ ತೆರಿಗೆ ಚೀಟಿ ಮೇಲೆ ಯಾವ ಪಾಲಿಕೆ ಹೆಸರು ಇದೆ ನೋಡಿ" ಎಂದು. ಅವರಿಗೆ ನಗು ಬಂತು. "ಇಪ್ಪತ್ತು ವರ್ಷ ಆತು, ಇದನ್ನ ಯಾರೂ ಕೇಳಿರಲಿಲ್ಲ" ಅಂದರು. ತಪ್ಪು ಪಾಲಿಕೆಯ ಕಿಟಕಿಯಲ್ಲಿ ಅರ್ಧ ದಿನ ನಿಂತು ಬಂದವರನ್ನು ನಾನು ಬಲ್ಲೆ. ಅದರಲ್ಲಿ ಒಬ್ಬ ನಾನೇ.

ಉಲ್ಲಾಸನಗರದ ಕಡೆ ಇನ್ನೊಂದು ಗಂಟು ಇದೆ. ದೇಶ ವಿಭಜನೆಯ ನಂತರ ಸಿಂಧಿ ನಿರಾಶ್ರಿತರನ್ನು ಕಲ್ಯಾಣದ ಹಳೆಯ ಮಿಲಿಟರಿ ಕ್ಯಾಂಪಿನಲ್ಲಿ ಇಳಿಸಿದರು. 1949ರ ಆಗಸ್ಟಿನಲ್ಲಿ ರಾಜಾಜಿಯವರ ಹಸ್ತದಿಂದ ಅದು ಉಲ್ಲಾಸನಗರವಾಯಿತು. ಇವತ್ತಿಗೂ ವಿಳಾಸದಲ್ಲಿ ಕ್ಯಾಂಪ್ ನಂಬರು, ಬ್ಯಾರಕ್ ನಂಬರು ಇರುವುದು ಅದರಿಂದಲೇ. ಅಲ್ಲಿ ಜಾಗದ ಹಕ್ಕು ಬಹಳ ಕಡೆ ಸನದಿನ ಮೇಲೆ ನಿಂತಿದೆ. ಸನದೇ ಸರಿಯಿಲ್ಲದಿದ್ದರೆ ಮೇಲಿನ ಪರವಾನಗಿಯೂ ಸರಿಯಿರುವುದಿಲ್ಲ.

ಈಗ ಸುನಾವಣಿ ಹೇಗೆ ನಡೆಯುತ್ತದೆ ಎಂಬುದಕ್ಕೆ ಬರೋಣ. ಪಾಲಿಕೆ ಹೊಸ ಡಿ.ಪಿ.ಯ ಕರಡು ತಯಾರಿಸಿ ರಾಜ್ಯಪತ್ರದಲ್ಲೂ ಸ್ಥಳೀಯ ಪತ್ರಿಕೆಗಳಲ್ಲೂ ಪ್ರಕಟಣೆ ಕೊಡಬೇಕು. ಪ್ರಕಟಣೆಯ ತಲೆಬರಹ ಮರಾಠಿಯಲ್ಲಿ 'ಹರಕತಿ ವ ಸೂಚನಾ' ಎಂದಿರುತ್ತದೆ. ಈ ಮೂರು ಪದ ನೆನಪಿಡಿ. ಮರಾಠಿ ಪತ್ರಿಕೆಯಲ್ಲಿ, ಟೆಂಡರು ನೋಟೀಸುಗಳ ನಡುವೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಅದು ಬಂದಿರುತ್ತದೆ. ಕನ್ನಡ ಪತ್ರಿಕೆ ಓದುವ ನಮ್ಮ ಕಣ್ಣಿಗೆ ಬೀಳುವ ಸಂಭವವೇ ಕಡಿಮೆ. ಬರೆದು ಕೊಡಲು 30 ದಿನ, ಕೆಲವೊಮ್ಮೆ 60 ದಿನ ಸಮಯ ಇರುತ್ತದೆ. ಕೊನೆಯ ದಿನಾಂಕ ಪ್ರಕಟಣೆಯಲ್ಲೇ ಇರುತ್ತದೆ.

ಬಂದ ಆಕ್ಷೇಪಣೆಗಳನ್ನು ಕೇಳುವುದು ನಿಯೋಜನ ಸಮಿತಿ. ಪಾಲಿಕೆಯ ಸ್ಥಾಯಿ ಸಮಿತಿಯ ಮೂವರು ಸದಸ್ಯರು, ಮತ್ತೆ ಸರ್ಕಾರ ನೇಮಿಸುವ ನಗರ ಯೋಜನೆ, ಪರಿಸರ ಬಲ್ಲವರು ನಾಲ್ವರವರೆಗೆ. ಇವರು ಆಕ್ಷೇಪಣೆ ಕೊಟ್ಟವರನ್ನು ಕರೆಸಿ ಕೇಳಿ ವರದಿ ಕೊಡುತ್ತಾರೆ. ನಕ್ಷೆ ತಿದ್ದುಪಡಿಯಾಗಿ ಮುಂಬಯಿಯ ಮಂತ್ರಾಲಯಕ್ಕೆ ಹೋಗಿ ಮಂಜೂರಾಗಿ ಬರುತ್ತದೆ. ಕಾಗದದ ಮೇಲೆ ಇಷ್ಟು ಸರಳ. ಆದರೆ ಕಲ್ಯಾಣ-ಡೊಂಬಿವಲಿಯಲ್ಲಿ 2020ರಲ್ಲಿ, ಉಲ್ಲಾಸನಗರದಲ್ಲಿ 2022ರಲ್ಲಿ ಚುನಾಯಿತ ಸಭೆಯ ಅವಧಿ ಮುಗಿದು ವರ್ಷಗಟ್ಟಲೆ ಆಡಳಿತಾಧಿಕಾರಿಯ ಕೈಯಲ್ಲೇ ಕಾರಭಾರ ನಡೆಯಿತು. ಅಷ್ಟೂ ವರ್ಷ ದೂರು ಹೇಳಿಕೊಳ್ಳಲು ನಗರಸೇವಕರೇ ಇರಲಿಲ್ಲ ಎಂಬುದನ್ನು ಇಲ್ಲಿ ಮರೆಯಬಾರದು.

ಇದರಿಂದ ಏನಾದರೂ ಪ್ರಯೋಜನ ಉಂಟೇ ಎಂದು ಕೇಳುವವರಿಗೆ ಮುಂಬಯಿಯ ಉದಾಹರಣೆ ಇದೆ. 2015ರ ಫೆಬ್ರವರಿಯಲ್ಲಿ ಮುಂಬಯಿ ಮಹಾನಗರದ 2034ರವರೆಗಿನ ಕರಡು ಹೊರಬಿತ್ತು. ಇದ್ದ ಗುಡಿ, ಚರ್ಚು, ಹಳೆಯ ಕಟ್ಟಡಗಳನ್ನೇ ತಪ್ಪಾಗಿ ಗುರುತಿಸಿದ್ದರು. ಹತ್ತಾರು ಸಾವಿರ ಆಕ್ಷೇಪಣೆಗಳು ಬಂದವು. ಅದೇ ಏಪ್ರಿಲಿನಲ್ಲಿ ಮುಖ್ಯಮಂತ್ರಿಗಳು ಅದನ್ನು ಹಿಂದಕ್ಕೆ ಕಳಿಸಿ ಹೊಸದಾಗಿ ಮಾಡಿಸಿದರು. ತಿದ್ದಿದ ಕರಡು 2016ರ ಮೇ ತಿಂಗಳಲ್ಲಿ ಬಂತು, ಮತ್ತೆ ಆಕ್ಷೇಪಣೆ, ಮತ್ತೆ ಸುನಾವಣಿ. ಮಂಜೂರಾತಿ ಸಿಕ್ಕಿದ್ದು 2018ರಲ್ಲಿ. ಬೆಂಗಳೂರಿನಲ್ಲೂ ಹಾಗೆಯೇ. 2031ರ ಮಾಸ್ಟರ್ ಪ್ಲಾನ್ ಕರಡು 2017ರ ನವೆಂಬರಿನಲ್ಲಿ ಬಂದು, ಟೀಕೆಗಳ ಮಳೆ ಸುರಿದು, 2020ರಲ್ಲಿ ವಾಪಸಾಯಿತು.

ನಾನೂ ಒಮ್ಮೆ ಒಂದು ಸುನಾವಣಿಗೆ ಹೋಗಿದ್ದೆ. ಯಾವ ಊರು ಎಂದು ಕೇಳಬೇಡಿ. ಬೆಳಿಗ್ಗೆ 11ಕ್ಕೆ ಕರೆದಿದ್ದರು. ನನ್ನ ಸರದಿ ಬಂದಾಗ ಮಧ್ಯಾಹ್ನ ಮೂರೂವರೆ. ನನ್ನ ಮುಂದೆ ಒಂದು ದೊಡ್ಡ ಗುಂಪು ಇತ್ತು. ಇನ್ನೂರು ಜನ ಸಹಿ ಮಾಡಿದ ಒಂದೇ ಒಕ್ಕಣೆಯ ಝೆರಾಕ್ಸ್ ಅರ್ಜಿಗಳು. ಇನ್ನೂರನ್ನೂ ಒಟ್ಟು ಸೇರಿಸಿ ಎರಡು ನಿಮಿಷದಲ್ಲಿ ಕೇಳಿ ಕಳಿಸಿದರು. ಅವರ ಹಿಂದೆ ಒಬ್ಬ ಹಿರಿಯರು ನಿಂತಿದ್ದರು, ರಿಟೈರಾದ ಮೇಷ್ಟ್ರಿರಬೇಕು. ನಕ್ಷೆಯ ಆ ಹಾಳೆಯ ಒಂದು ಪ್ರತಿ, ಸರ್ವೆ ನಂಬರು, ಮಳೆಗಾಲದಲ್ಲಿ ತೆಗೆದ ನಾಲ್ಕು ಫೋಟೋ, ಅಷ್ಟೇ. "ಸಾಹೇಬರೇ, ನೀವು ರಸ್ತೆ ತೋರಿಸಿರುವ ಕಡೆ ನಾಲೆ ಹರಿಯುತ್ತದೆ, ನೋಡಿ." ಸಮಿತಿಯವರು ಕನ್ನಡಕ ಸರಿಮಾಡಿಕೊಂಡರು. ಹತ್ತು ನಿಮಿಷ ಅವರನ್ನು ಬಿಡಲೇ ಇಲ್ಲ. ನನ್ನ ಸರದಿಗೆ ನಾನು ಒಳ್ಳೆಯ ಭಾಷೆಯಲ್ಲಿ ಭಾಷಣ ಮಾಡಿದೆ. ಒಬ್ಬರು ಗಡಿಯಾರ ನೋಡಿದರು. ರೇಡಿಯೋದವನ ಗಂಟಲಿಗಿಂತ ಮೇಷ್ಟ್ರ ಫೋಟೋ ಹೆಚ್ಚು ಮಾತಾಡಿತು.

ಹಾಗಾಗಿ ಆಕ್ಷೇಪಣೆ ಬರೆಯುವಾಗ ಅನ್ಯಾಯ, ಅಕ್ರಮ ಎಂಬ ದೊಡ್ಡ ಮಾತು ಬೇಡ. ಹಾಳೆ ನಂಬರು, ಸರ್ವೆ ನಂಬರು ಅಥವಾ ಸಿ.ಟಿ.ಎಸ್. ನಂಬರು, ನಕ್ಷೆ ಏನು ಹೇಳುತ್ತದೆ, ನೆಲದ ಮೇಲೆ ಏನಿದೆ, ಏನು ಬದಲಾಗಬೇಕು ಎಂದು ಬರೆಯಿರಿ. ಖುದ್ದಾಗಿ ಹಾಜರಾಗಿ ಹೇಳಲು ಅವಕಾಶ ಕೊಡಿ ಎಂಬ ಸಾಲನ್ನು ಖಂಡಿತ ಸೇರಿಸಿ. ಕೊಟ್ಟ ಮೇಲೆ ನಿಮ್ಮ ಪ್ರತಿಯ ಮೇಲೆ ಮೊಹರು, ಇನ್‌ವರ್ಡ್ ನಂಬರು ಹಾಕಿಸಿಕೊಂಡು ಬನ್ನಿ.

ನಕ್ಷೆ ಮಂಜೂರಾದ ಮೇಲೂ ಒಂದು ಬಾಗಿಲು ತೆರೆದಿರುತ್ತದೆ. ಅದು ಎರಡೂ ಕಡೆಯವರಿಗೂ ತೆರೆದ ಬಾಗಿಲು. ಕಾಯಿದೆಯ 37ನೇ ಕಲಮಿನಲ್ಲಿ ಮಂಜೂರಾದ ನಕ್ಷೆಯಲ್ಲಿ ಸಣ್ಣ ಬದಲಾವಣೆ ಮಾಡಬಹುದು. ಒಂದು ಸರ್ವೆ ನಂಬರಿನ ವಲಯ ಬದಲಿಸುವುದು, ಒಂದು ಮೀಸಲು ತೆಗೆಯುವುದು ಬಹಳ ಸಲ ಈ ದಾರಿಯಲ್ಲೇ ಆಗುತ್ತದೆ. ಇದಕ್ಕೂ ಪ್ರಕಟಣೆ ಕೊಡಬೇಕು, ಒಂದು ತಿಂಗಳೊಳಗೆ ಯಾರು ಬೇಕಾದರೂ ಆಕ್ಷೇಪಣೆ ಕೊಡಬಹುದು, ಬದಲಾವಣೆಯಿಂದ ಬಾಧಿತರಾಗುವವರಿಗೆ ನೋಟೀಸು ಕೊಟ್ಟು ಸುನಾವಣಿ ಮಾಡಬೇಕು. ಅಳಿಯ ಹೇಳಿದ ಅಮೆರಿಕದ ಸಭೆಗೆ ನಮ್ಮಲ್ಲಿ ಎಲ್ಲಕ್ಕಿಂತ ಹತ್ತಿರದ ಸಂಬಂಧಿ ಇದೇ. ಇಡೀ ಊರಿನ ನಕ್ಷೆ ಬಂದಾಗ ಆಗುವ ಗದ್ದಲ ಇದಕ್ಕೆ ಆಗುವುದಿಲ್ಲ. ಪೇಪರಿನ ಮೂಲೆಯಲ್ಲಿ ಬರುತ್ತದೆ, ಹೋಗುತ್ತದೆ. ನನ್ನ ಮಟ್ಟಿಗೆ ಕಣ್ಣಿಡಬೇಕಾದ್ದು ಇದರ ಮೇಲೆಯೇ.

ಮೈದಾನ ಮಾಯವಾಗುವ ಮೂರನೆಯ ದಾರಿಯೊಂದಿದೆ, ಅದಕ್ಕೆ ಸುನಾವಣಿಯೇ ಇಲ್ಲ. ಖಾಸಗಿಯವರ ಜಾಗದ ಮೇಲೆ ಮೈದಾನ ಎಂದು ಬಣ್ಣ ಬಳಿದ ಮಾತ್ರಕ್ಕೆ ಅದು ಮೈದಾನ ಆಗುವುದಿಲ್ಲ. ಪಾಲಿಕೆ ಅದನ್ನು ದುಡ್ಡು ಕೊಟ್ಟೋ ಟಿ.ಡಿ.ಆರ್. ಕೊಟ್ಟೋ ಸ್ವಾಧೀನಕ್ಕೆ ಪಡೆಯಬೇಕು. ನಕ್ಷೆ ಜಾರಿಗೆ ಬಂದು ಹತ್ತು ವರ್ಷ ಕಳೆದರೂ ಪಡೆಯದಿದ್ದರೆ ಜಾಗದ ಮಾಲೀಕ 127ನೇ ಕಲಮಿನ ಪ್ರಕಾರ ನೋಟೀಸು ಕೊಡಬಹುದು. ಅಲ್ಲಿಂದ 24 ತಿಂಗಳಲ್ಲಿ ಪಾಲಿಕೆ ಸ್ವಾಧೀನಕ್ಕೆ ಹೆಜ್ಜೆ ಇಡದಿದ್ದರೆ ಮೀಸಲು ತಾನಾಗಿಯೇ ಬಿದ್ದುಹೋಗುತ್ತದೆ. ಮಾಲೀಕನ ದೃಷ್ಟಿಯಿಂದ ನೋಡಿದರೆ ಇದು ನ್ಯಾಯವೇ. ಎಷ್ಟು ವರ್ಷ ಅಂತ ಅವನ ಜಾಗವನ್ನು ಕಟ್ಟಿಹಾಕುತ್ತೀರಿ? ಆದರೆ ಆ 24 ತಿಂಗಳು ಕಚೇರಿಯ ಯಾವುದೋ ಮೇಜಿನ ಮೇಲೆ ಫೈಲು ಮಲಗಿದ್ದರೆ ಓಣಿಯ ಮಕ್ಕಳಿಗೆ ಅದು ಗೊತ್ತಾಗುವುದು ಪತ್ರಾ ಹೊಡೆದ ದಿನ.

ಇನ್ನು ಪರವಾನಗಿ. ಬಿಲ್ಡರ್ 44ನೇ ಕಲಮಿನಲ್ಲಿ ಅರ್ಜಿ ಹಾಕುತ್ತಾನೆ. ಪಾಲಿಕೆ ನಕ್ಷೆ ನೋಡಿ 45ರಲ್ಲಿ ಒಪ್ಪುತ್ತದೆ ಇಲ್ಲವೇ ನಿರಾಕರಿಸುತ್ತದೆ. ಒಪ್ಪಿದರೆ ಕೊಡುವ ಕಾಗದವೇ ಸಿ.ಸಿ., ಕೆಲಸ ಆರಂಭಿಸುವ ಪ್ರಮಾಣಪತ್ರ. 60 ದಿನ ಪಾಲಿಕೆ ಸುಮ್ಮನಿದ್ದರೆ, ಪ್ರಸ್ತಾವ ನಿಯಮಕ್ಕೆ ಸರಿಯಾಗಿದ್ದಲ್ಲಿ, ಕೊಟ್ಟಂತೆಯೇ ಲೆಕ್ಕ. ನಿರಾಕರಿಸಿದರೆ ಅರ್ಜಿದಾರ 40 ದಿನದೊಳಗೆ ಸರ್ಕಾರಕ್ಕೆ ಅಪೀಲು ಹೋಗಬಹುದು. ಗಮನಿಸಿ, ಅಪೀಲು ಅರ್ಜಿದಾರನಿಗೆ ಮಾತ್ರ. ಕೊಟ್ಟದ್ದು ತಪ್ಪು ಎನ್ನುವ ನೆರೆಮನೆಯವರಿಗೆ ಆ ಕಲಮಿನಲ್ಲಿ ಜಾಗ ಇಲ್ಲ. ಅವರಿಗೆ ಉಳಿದಿರುವುದು ಪಾಲಿಕೆಗೆ ದೂರು, ಆಮೇಲೆ ಹೈಕೋರ್ಟು.

ಆದರೆ ನಮ್ಮ ಕಡೆ ಬಹಳ ಜನಕ್ಕೆ 'ಸುನಾವಣಿ' ಎಂಬ ಪದದ ಪರಿಚಯವಾಗುವುದು ಬೇರೆ ರೀತಿಯಲ್ಲಿ. ಒಂದು ದಿನ ಸಂಜೆ ಕೆಲಸದಿಂದ ಬಂದರೆ ಬಿಲ್ಡಿಂಗಿನ ಗೋಡೆಯ ಮೇಲೆ ನೋಟೀಸು ಅಂಟಿಸಿರುತ್ತಾರೆ. 'ಅನಧಿಕೃತ ಬಾಂಧಕಾಮ, ಖುಲಾಸೆ ಕೊಡಿ, ಇಂಥ ದಿನ ಹಾಜರಾಗಿ.' ಅದೂ ಸುನಾವಣಿಯೇ. ಆಗ ಕೇಳುವುದು ಎದುರಿನ ಬಯಲಿನ ವಿಷಯ ಅಲ್ಲ, ನಿಮ್ಮ ತಲೆಯ ಮೇಲಿನ ಸೂರಿನ ವಿಷಯ.

2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ಹೇಳಿತು: ನೋಟೀಸು ಕೊಡದೆ ಕೆಡವಬಾರದು, ಕನಿಷ್ಠ 15 ದಿನ ಸಮಯ ಕೊಡಬೇಕು, ಖುದ್ದಾಗಿ ಕೇಳಬೇಕು, ಕಾರಣ ಬರೆದು ಆದೇಶ ಕೊಡಬೇಕು. ಒಳ್ಳೆಯದು. ಆದರೆ ರಸ್ತೆ, ಫುಟ್‌ಪಾತು, ರೈಲ್ವೆ ಹಳಿಯ ಪಕ್ಕ, ನದಿಯ ಜಾಗದಲ್ಲಿ ಕಟ್ಟಿದ್ದಕ್ಕೂ, ಕೋರ್ಟೇ ಕೆಡವಲು ಹೇಳಿದ್ದಕ್ಕೂ ಈ ರಕ್ಷಣೆ ಇಲ್ಲ. ಹಳಿಯ ಬದಿಗೂ ವಾಲಧುನಿ ನದಿಯ ಬದಿಗೂ ಹಬ್ಬಿಕೊಂಡ ನಮ್ಮ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಉಲ್ಲಾಸನಗರದ ಕಥೆ ಹಳಬರಿಗೆ ನೆನಪಿರಬಹುದು. 855 ಅಕ್ರಮ ಕಟ್ಟಡಗಳನ್ನು ಕೆಡವಬೇಕೆಂದು ಬಾಂಬೆ ಹೈಕೋರ್ಟು ಹೇಳಿತು. ಜನ ಗಾಬರಿಯಾದರು. ಸರ್ಕಾರ ಉಲ್ಲಾಸನಗರಕ್ಕೆಂದೇ 2006ರಲ್ಲಿ ಸಕ್ರಮಗೊಳಿಸುವ ಒಂದು ಕಾಯಿದೆ ತಂದಿತು. ದಂಡ ಕಟ್ಟಿ, ಕಾಗದ ಕೊಟ್ಟು ಸಕ್ರಮ ಮಾಡಿಕೊಂಡ ಕಟ್ಟಡಗಳು ಬಹಳ ಕಡಿಮೆ. ಉಳಿದವು ಹಾಗೆಯೇ ನಿಂತವು, ಹಾಗೆಯೇ ಹಳತಾದವು. 2021ರ ಮೇ ತಿಂಗಳ ಎರಡೇ ವಾರದ ಅಂತರದಲ್ಲಿ ಅಲ್ಲಿ ಎರಡು ಬಿಲ್ಡಿಂಗುಗಳ ಸ್ಲ್ಯಾಬು ಕುಸಿದು ಜನ ಸತ್ತರು. ಎರಡನೆಯದರಲ್ಲಿ ಏಳು ಮಂದಿ. ನಮ್ಮ ಕರ್ನಾಟಕದ ಅಕ್ರಮ-ಸಕ್ರಮದ ಹಣೆಬರಹವೂ ಇದಕ್ಕಿಂತ ಬೇರೆಯಲ್ಲ. 2014ರಲ್ಲಿ ನಿಯಮ ಬಂತು, 2016ರ ಡಿಸೆಂಬರಿನಲ್ಲಿ ಹೈಕೋರ್ಟು ಒಪ್ಪಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಸರ್ಕಾರ ಯಾವತ್ತೋ ಸಕ್ರಮ ಮಾಡುತ್ತದೆ ಎಂದು ನಂಬಿ ಮನೆ ತೆಗೆದುಕೊಳ್ಳುವವರು ಈ ದಿನಾಂಕಗಳನ್ನು ಒಮ್ಮೆ ನೋಡಲಿ.

ಈಚಿನ ಕಥೆ ಇನ್ನೂ ನೋವಿನದು. ಕಲ್ಯಾಣ-ಡೊಂಬಿವಲಿಯಲ್ಲಿ 65 ಬಿಲ್ಡಿಂಗುಗಳು. ಪಾಲಿಕೆಯ ಸಿ.ಸಿ.ಯನ್ನೇ ನಕಲು ಮಾಡಿ, ಆ ಕಾಗದ ತೋರಿಸಿ ರೇರಾ ನೋಂದಣಿ ಪಡೆದಿದ್ದರು. ರೇರಾ ನಂಬರು ಇದೆ ಎಂದು ಜನ ನಂಬಿದರು, ಸಾಲ ಮಾಡಿದರು, ಸತ್ಯನಾರಾಯಣ ಪೂಜೆ ಮಾಡಿಸಿ ಒಳಗೆ ಬಂದರು. 2024ರ ನವೆಂಬರ್ 19ರಂದು ಹೈಕೋರ್ಟು ಮೂರು ತಿಂಗಳಲ್ಲಿ ಅವನ್ನು ಕೆಡವಬೇಕೆಂದಿತು. ಸಾವಿರಾರು ಕುಟುಂಬಗಳು. ಮರುವರ್ಷ ನಿವಾಸಿಗಳು ಬೀದಿಗಿಳಿದರು, ಸರ್ಕಾರ ಅವರ ಬೆನ್ನಿಗಿರುವುದಾಗಿ ಭರವಸೆ ಕೊಟ್ಟಿತು. ಆ ಬಿಲ್ಡಿಂಗುಗಳಲ್ಲೊಂದರಲ್ಲಿ ಇರುವ ಕೇಳುಗರೊಬ್ಬರು ನನಗೆ ಹೇಳಿದ್ದು: "ನಮ್ಮ ತಪ್ಪೇನು ಸಾರ್, ಕಾಗದ ಓದಲು ಬರುತ್ತಿತ್ತು, ಕಾಗದ ಸುಳ್ಳು ಹೇಳುತ್ತದೆ ಎಂದು ಗೊತ್ತಿರಲಿಲ್ಲ." ಇವತ್ತಿಗೂ ಆ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ.

ಡೊಂಬಿವಲಿ ಆಚೆಯ 27 ಹಳ್ಳಿಗಳ ಗೊಂದಲವೂ ಹೀಗೇ ಬೆಳೆಯಿತು. ಅವು 1983ರಲ್ಲಿ ಪಾಲಿಕೆಗೆ ಸೇರಿದವು, 2002ರಲ್ಲಿ ಹೊರಬಂದವು, 2015ರಲ್ಲಿ ಮತ್ತೆ ಸೇರಿದವು. ಈ ಒಳಗೆ-ಹೊರಗೆ ಆಟದ ನಡುವೆ ಗ್ರಾಮಪಂಚಾಯತಿ ಪರವಾನಗಿ ಎಂಬ ಹೆಸರಿನಲ್ಲಿ ಎಷ್ಟೋ ಮಜಲುಗಳು ಎದ್ದವು. ಹಳೆಯ ಪಂಚಾಯತಿಯ ಮೊಹರು ಇರುವ ಕಾಗದವನ್ನು ಯಾರಾದರೂ ತೋರಿಸಿದರೆ ಟೋಕನ್ ಕೊಡುವ ಮುಂಚೆ ನಗರ ರಚನಾ ವಿಭಾಗಕ್ಕೆ ಹೋಗಿ ಬನ್ನಿ. ನವಿ ಮುಂಬಯಿಯ ಕೇಳುಗರಿಗೆ ಬೇರೆ ಗಣಿತ. ಅಲ್ಲಿ ಹೆಚ್ಚಿನ ಜಾಗ ಸಿಡ್ಕೋದ ಲೀಸಿನದು, ಅದರ ಬಗ್ಗೆ ಇನ್ನೊಂದು ಸಂಚಿಕೆಯಲ್ಲಿ ಬರೆಯುವೆ.

ಎಲ್ಲರೂ ಎಡವುವ ಒಂದು ಕಲ್ಲು: "ನಾವು ಮಾಲಮತ್ತಾ ತೆರಿಗೆ ಕಟ್ತೀವಿ, ಕರೆಂಟಿದೆ, ನೀರಿದೆ, ಮತ್ತೆ ಅಕ್ರಮ ಹೇಗೆ?" ತೆರಿಗೆ ಕಟ್ಟಿದ ಮಾತ್ರಕ್ಕೆ ಕಟ್ಟಡ ಸಕ್ರಮ ಆಗುವುದಿಲ್ಲ. ಅಷ್ಟೇ ಅಲ್ಲ, ಪಾಲಿಕೆ ಕಾಯಿದೆಯ 267-ಎ ಕಲಮಿನಲ್ಲಿ ಅನಧಿಕೃತ ಕಟ್ಟಡಕ್ಕೆ ಹಾಕುವ ದಂಡವೇ ಬೇರೆ ಇದೆ. ಮರಾಠಿಯಲ್ಲಿ ಅದಕ್ಕೆ ಶಾಸ್ತಿ ಎನ್ನುತ್ತಾರೆ. ನಿಮ್ಮ ಬಿಲ್ಲಿನಲ್ಲಿ ಆ ಪದ ಇದೆಯೇ ನೋಡಿಕೊಳ್ಳಿ. ಇದ್ದರೆ ನಿಮ್ಮ ಮನೆಯ ಬಗ್ಗೆ ಪಾಲಿಕೆ ಏನು ತಿಳಿದಿದೆ ಎಂದು ಅದೇ ಹೇಳುತ್ತಿದೆ.

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಇನ್ನೊಂದು ತೀರ್ಪು ಕೊಟ್ಟಿತು. ಮಂಜೂರಾದ ಪ್ಲಾನನ್ನು ಕೆಲಸದ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು, ಕಟ್ಟಡ ಮುಗಿದ ಪ್ರಮಾಣಪತ್ರ ನೋಡಿಯೇ ಬ್ಯಾಂಕು ಸಾಲ ಕೊಡಬೇಕು, ಕರೆಂಟು-ನೀರಿನ ಜೋಡಣೆಯೂ ಆಮೇಲೆಯೇ ಎಂದು. ಪತ್ರಾದ ಹೊರಗೆ ಬರೀ ಬಣ್ಣದ ಫೋಟೋ, ಈಜುಕೊಳದ ಚಿತ್ರ ಇದ್ದರೆ ನಿಂತು ಕೇಳುವ ಹಕ್ಕು ನಿಮಗಿದೆ. ಬೋರ್ಡಿನ ಮೇಲಿನ ಸಿ.ಸಿ. ನಂಬರನ್ನು ಬರೆದುಕೊಂಡು ಪಾಲಿಕೆಯಲ್ಲೇ ತಾಳೆ ನೋಡಿ. ಬಿಲ್ಡರ್ ಕೊಡುವ ಝೆರಾಕ್ಸಿನಲ್ಲಿ ಅಲ್ಲ. ಹೇಳದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಅರ್ಜಿ, 30 ದಿನದಲ್ಲಿ ಉತ್ತರ ಬರಬೇಕು.

ಆ ಅಮ್ಮನ ಜೊತೆ ನಾನೂ ನಗರ ರಚನಾ ವಿಭಾಗಕ್ಕೆ ಹೋಗಿದ್ದೆ. ಬಯಲಿನ ಸರ್ವೆ ನಂಬರು ಹುಡುಕಲು ಎರಡು ಸುತ್ತು ಆಯಿತು. ಝೋನ್ ದಾಖಲೆ ಕೈಗೆ ಬಂತು. ಮಂಜೂರಾದ ನಕ್ಷೆಯಲ್ಲಿ ಆ ಜಾಗ ಹಳದಿ, ಅಂದರೆ ವಾಸದ ವಲಯ. ಮೈದಾನದ ಮೀಸಲು ಯಾವತ್ತೂ ಇರಲಿಲ್ಲ. ಮಾಲೀಕ ಕಟ್ಟಿರಲಿಲ್ಲ, ಮಕ್ಕಳು ಆಡುತ್ತಿದ್ದರು, ಅಷ್ಟೇ. ಸಿ.ಸಿ.ಯೂ ನಿಜವಾದದ್ದೇ. ಅಮ್ಮ ಸ್ವಲ್ಪ ಹೊತ್ತು ಸುಮ್ಮನೆ ಕೂತರು.

ಆಮೇಲೆ ಎದ್ದು ಗೋಡೆಯ ಮೇಲಿನ ದೊಡ್ಡ ನಕ್ಷೆಯ ಹತ್ತಿರ ಹೋದರು. ನದಿಯ ಗುಂಟ ಎರಡು ಗೆರೆಗಳಿದ್ದವು, ಒಂದು ನೀಲಿ, ಒಂದು ಕೆಂಪು. ಅವು ಪೂರರೇಷೆ. 25 ವರ್ಷಕ್ಕೊಮ್ಮೆ ಬರುವ ನೆರೆ ಎಲ್ಲಿಯವರೆಗೆ ಏರುತ್ತದೆ ಎಂಬುದಕ್ಕೆ ನೀಲಿ, ನೂರು ವರ್ಷಕ್ಕೊಮ್ಮೆ ಬರುವುದಕ್ಕೆ ಕೆಂಪು. ನೀಲಿಯೊಳಗೆ ಕಟ್ಟುವಂತಿಲ್ಲ. 2005ರ ಜುಲೈ 26ರ ನೀರನ್ನು ಅವರು ಕಣ್ಣಾರೆ ಕಂಡವರು. 2019ರ ಜುಲೈ 27ರಂದು ಉಲ್ಹಾಸ್ ನದಿಯ ನೀರಿನಲ್ಲಿ ವಾಂಗಣಿ ಬಳಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಸಿಕ್ಕಿಬಿದ್ದಾಗ ಅವರ ತಮ್ಮ ಕೊಲ್ಹಾಪುರಕ್ಕೆಂದು ಅದೇ ಗಾಡಿಯಲ್ಲಿದ್ದರಂತೆ. ನದಿಯ ಪಕ್ಕದ ಒಂದು ಹಸಿರು ತುಣುಕಿನ ಮೇಲೆ ಬೆರಳಿಟ್ಟರು.

"ಇದು ಹಸರ ಅದ. ಇಲ್ಲಿ ಈಗ ಯಾರೋ ಲಾರಿಲೇ ಮಣ್ಣು ತಂದು ಸುರೀಲಿಕ್ಕತ್ತಾರ. ಇದರ ಸುನಾವಣಿ ಯಾವಾಗ?"

ಗುಮಾಸ್ತರು ತಲೆಯೆತ್ತಿ ನೋಡಿದರು. ನಕ್ಷೆಯನ್ನು ಕನಿಷ್ಠ 20 ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು, ಮುಂದಿನ ಕರಡು ಬಂದಾಗ ಪ್ರಕಟಣೆ ಬರುತ್ತದೆ ಎಂದರು. ಅಷ್ಟರವರೆಗೆ ಮಣ್ಣು ಸುರಿಯುವುದಕ್ಕೆ ದೂರು ಕೊಡಬಹುದು, ಪ್ರಭಾಗ ಕಚೇರಿಯಲ್ಲಿ. ಅಮ್ಮ ನನ್ನ ಪೆನ್ನು ಕೇಳಿದರು. ದೂರನ್ನು ಮರಾಠಿಯಲ್ಲಿ ನಾನು ಬರೆದೆ, ಸಹಿ ಅವರು ಕನ್ನಡದಲ್ಲಿ ಹಾಕಿದರು. ಇನ್‌ವರ್ಡ್ ನಂಬರು ಹಾಕಿಸಿಕೊಂಡು ಹೊರಬಂದಾಗ ಒಂದೂ ಕಾಲು. ಮುಂದಿನ ಭಾನುವಾರ ಅವರು ಫೋಟೋ ತೆಗೆಯಲು ಮೊಮ್ಮಗನನ್ನು ಕರೆದುಕೊಂಡು ಹೋಗುವವರಿದ್ದಾರೆ.